ಸೋತ ಕ್ರೀಡಾಪಟುವಿನ ಮನಸ್ಸು

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಜಾತ್ರೆಗಳಲ್ಲಿ ತೇರು ಎಳೆದ ಮೇಲೆ ಕುಸ್ತಿಗಳು ನಡೆಯುವುದು ವಾಡಿಕೆ. ತೆಂಗಿನಕಾಯಿಯ ಪಂದ್ಯದಿಂದ ಮೊದಲಾಗಿ ಬೆಳ್ಳಿಯ ಕಡಗದ ಪಂದ್ಯದಲ್ಲಿ ಮುಗಿಯುವ ಈ ಕುಸ್ತಿಗಳಲ್ಲಿ ಗೆದ್ದವನನ್ನು ಜನರು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಸೋತವನು ಮೈಯ ಮಣ್ಣನ್ನು ಒರೆಸಿಕೊಳ್ಳುತ್ತ ಗುಂಪಿನಲ್ಲಿ ಮರೆಯಾಗುತ್ತಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ‘ಮಾನಸೋಲ್ಲಾಸ’ವು ಮಲ್ಲರ ವರ್ಗಗಳನ್ನೂ ಆಹಾರವನ್ನೂ ಅಭ್ಯಾಸಕ್ರಮವನ್ನೂ ವಿವರಿಸುತ್ತದೆ. ದೇಹವನ್ನು ಅಣಿಗೊಳಿಸುವ ಶಾಸ್ತ್ರವು ನಮ್ಮ ನಾಡಿಗೆ ಹೊಸತಲ್ಲ. ಸೋತ ಮನಸ್ಸನ್ನು ಮತ್ತೆ ಅಣಿಗೊಳಿಸುವ ಬಗೆ ಯಾವುದೆಂಬುದನ್ನು ಇಲ್ಲಿ ಪರಿಶೀಲಿಸಬೇಕಾಗಿದೆ.

ಮನಶ್ಶಾಸ್ತ್ರಜ್ಞರು ಈ ಪ್ರಸಂಗದಲ್ಲಿ ‘ಭಾವನಾತ್ಮಕ ಬುದ್ಧಿಮತ್ತೆ’ ಎಂಬ ಮಾತನ್ನು ಬಳಸುತ್ತಾರೆ. 1990ರಲ್ಲಿ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ವಿದ್ವಾಂಸರು ಇದನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. 1995ರಲ್ಲಿ ಪ್ರಕಟವಾದ ಡೇನಿಯಲ್ ಗೋಲ್ಮನ್ನರ ಗ್ರಂಥದಿಂದ ಅದು ಲೋಕಪ್ರಿಯವಾಯಿತು. ತನ್ನ ಮತ್ತು ಪರರ ಭಾವಗಳನ್ನು ಗುರುತಿಸುವುದು, ಅವುಗಳ ಕಾರಣವನ್ನರಿಯುವುದು, ಆಲೋಚನೆಗೆ ಅವನ್ನು ನೆರವಾಗಿಸುವುದು, ಹತೋಟಿಯಲ್ಲಿರಿಸುವುದು ಇವೆಲ್ಲ ಅದರಲ್ಲಿ ಅಡಕವಾಗಿವೆ. ಇದು ಭಾವವನ್ನು ತುಳಿದುಹಾಕುವ ವಿದ್ಯೆಯಲ್ಲ. ಭಯ ಬಂದಾಗ ಎದೆಬಡಿತ ಹೆಚ್ಚುತ್ತದೆ, ಗಮನದ ಹರವು ಕುಗ್ಗುತ್ತದೆ. ತನಗೆ ಭಯವಾಗಿದೆಯೆಂದು ಒಪ್ಪಿಕೊಂಡವನು ಉಸಿರನ್ನು ನಿಧಾನಗೊಳಿಸಿ ಮುಂದಿನ ಹೆಜ್ಜೆಯತ್ತ ಮನಸ್ಸು ತಿರುಗಿಸಬಲ್ಲನು. ಭಯಪಡುವುದೇ ಹೀನವೆಂದು ಬಗೆದವನು ಅದನ್ನು ಮುಚ್ಚಿಡುವುದರಲ್ಲಿಯೇ ತನ್ನ ಶಕ್ತಿಯನ್ನು ಕಳೆಯುತ್ತಾನೆ.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಭದ್ರಾವತಿಯಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥರು 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲ ಟೆಸ್ಟ್ ಪಂದ್ಯವನ್ನಾಡಿದರು. ಮೊದಲ ಸರದಿಯಲ್ಲಿ ಅವರು ಗಳಿಸಿದುದು ಸೊನ್ನೆ. ಆಗ ಅವರಿಗೆ 20 ವರ್ಷ. ನಾಯಕರಾಗಿದ್ದ ಪಟೌಡಿಯವರು ಚಿಂತಿಸಬೇಡವೆಂದು ಧೈರ್ಯ ಹೇಳಿದುದನ್ನು ವಿಶ್ವನಾಥರು ಮುಂದೆ ಸ್ಮರಿಸಿದ್ದಾರೆ. ಎರಡನೆಯ ಸರದಿಯಲ್ಲಿ ಅವರು 137 ಓಟಗಳನ್ನು ಗಳಿಸಿದರು. ಪಟೌಡಿಯವರ ಮಾತೇ ಆ ಶತಕವನ್ನು ತಂದಿತೆನ್ನಲಾಗದು. ಕೈಯಲ್ಲಿ ಕಲೆಯಿಲ್ಲದವನಿಗೆ ಯಾರ ಮಾತೂ ಓಟ ತರಲಾರದು. ಆದರೆ ಸೋತವನ ಮನಸ್ಸನ್ನು ಓದಬಲ್ಲ ಹಿರಿಯನೊಬ್ಬನು ಹತ್ತಿರವಿರುವುದು ಎಷ್ಟು ದೊಡ್ಡ ಆಸರೆಯೆಂಬುದು ಇದರಿಂದ ತಿಳಿಯುತ್ತದೆ. ಮಾನಸಿಕ ಹೊಂದಾಣಿಕೆಯು ಆಟಗಾರನೊಬ್ಬನೇ ಸಾಧಿಸುವ ಕಾರ್ಯವಲ್ಲ.

ಇದೇ ವಿಶ್ವನಾಥರ ಬಾಳಿನ ಇನ್ನೊಂದು ಪ್ರಸಂಗವು ವಿಷಯವನ್ನು ತುಸು ಜಟಿಲಗೊಳಿಸುತ್ತದೆ. 1980ರ ಫೆಬ್ರವರಿಯಲ್ಲಿ ಮುಂಬಯಿಯ ಸ್ವರ್ಣಮಹೋತ್ಸವ ಟೆಸ್ಟ್ ಪಂದ್ಯಕ್ಕೆ ಅವರೇ ನಾಯಕರು. ಇಂಗ್ಲೆಂಡ್ 58 ಓಟಗಳಿಗೆ 5 ಹುದ್ದರಿಗಳನ್ನು ಕಳೆದುಕೊಂಡಿತ್ತು. ಆಮೇಲೆ ಬಾಬ್ ಟೇಲರ್ ಔಟಾದರೆಂದು ತೀರ್ಪು ಬಂದಾಗ, ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ಮನಗಂಡ ವಿಶ್ವನಾಥರು ತೀರ್ಪನ್ನು ಹಿಂತೆಗೆಯಿಸಿ ಅವರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಬೋಥಮ್ ಕೂಡಿ 171 ಓಟ ಸೇರಿಸಿದರು. ಭಾರತವು 10 ಹುದ್ದರಿಗಳಿಂದ ಸೋತಿತು. ಭಾವನಾತ್ಮಕ ಬುದ್ಧಿಮತ್ತೆಯನ್ನು ಗೆಲುವಿನ ಸಾಧನವೆಂದೇ ಕೊಂಡಾಡುವ ಬರೆಹಗಳಲ್ಲಿ ಈ ಘಟನೆಗೆ ಎಡೆ ದೊರೆಯುವುದು ಕಷ್ಟ. ಗೆಲ್ಲುವ ಆಸೆ ಉರಿಯುತ್ತಿರುವಾಗಲೇ ಎದುರಾಳಿಗೆ ಅನ್ಯಾಯವಾಯಿತೆಂದು ಕಾಣಬಲ್ಲ ಮನಸ್ಸು ಅಲ್ಲಿತ್ತು. ಫಲಿತಾಂಶದ ಪಟ್ಟಿಯಿಂದ ಮಾತ್ರ ಅಳೆದರೆ ಅದು ದೌರ್ಬಲ್ಯವೆನಿಸೀತು; ನನಗೆ ಹಾಗೆನಿಸುವುದಿಲ್ಲ.

ನನ್ನ ವಿದ್ಯಾರ್ಥಿಯೊಬ್ಬನು, ವಾಡಿಯ ಕಡೆಯವನು, ತನ್ನೂರ ಜಾತ್ರೆಯ ಕುಸ್ತಿಯಲ್ಲಿ ಸೋತು ಹದಿನೈದು ದಿನ ತರಗತಿಗೆ ಬರಲಿಲ್ಲ. ಮನೆಯವರು ‘ಹೋಗಲಿ ಬಿಡು’ ಎಂದಷ್ಟೂ ಅವನು ಮೌನಿಯಾದನಂತೆ. ಕೊನೆಗೆ ತಾಲೀಮಿನ ಉಸ್ತಾದರು ಅವನಲ್ಲಿಗೆ ಹೋದರು. ಸಮಾಧಾನದ ಮಾತೊಂದನ್ನೂ ಆಡದೆ, ‘ಕಣಕ್ಕ ಇಳಿಯೂಮುಂದ ಯಾರನ್ನ ನೋಡಿ ಅಂಜಿದಿ?’ ಎಂದು ಕೇಳಿದರು. ಬಹಳ ಹೊತ್ತಿನ ಮೇಲೆ ಹುಡುಗನು, ಎದುರಾಳಿಯನ್ನಲ್ಲ, ಜನರ ನಡುವೆ ಕುಳಿತಿದ್ದ ತನ್ನ ತಂದೆಯನ್ನು ನೋಡಿ ಅಂಜಿದೆನೆಂದನು. ಮರುದಿನ ಸಂಜೆ ಅವನು ತಾಲೀಮಿಗೆ ಹೋದನು. ಜೊತೆಗೆ ತಂದೆಯನ್ನೂ ಕರೆತರಬೇಕೆಂದು ಉಸ್ತಾದರು ಹೇಳಿಕಳುಹಿಸಿದ್ದರು.