ಒಂಟೆಯ ಡುಬ್ಬದಲ್ಲಿ ನೀರಿಲ್ಲ

ಒಂಟೆಯ ಡುಬ್ಬದೊಳಗೆ ಇರುವುದು ಕೊಬ್ಬು, ನೀರಲ್ಲ. ಚೆನ್ನಾಗಿ ಮೇದ ಒಂಟೆಯ ಬೆನ್ನ ಮೇಲೆ 30 ಕಿಲೋಗೂ ಮೀರಿದ ಕೊಬ್ಬು ಗೋಪುರದಂತೆ ನೆಟ್ಟಗೆ ನಿಂತಿರುತ್ತದೆ. ಬಹುದಿನ ಮೇವು ಸಿಗದಿದ್ದರೆ ಅದೇ ಡುಬ್ಬ ಕರಗಿ, ಸಡಿಲವಾಗಿ ಒಂದು ಮಗ್ಗುಲಿಗೆ ಜೋಲುತ್ತದೆ. ಆಗತಾನೇ ಹುಟ್ಟಿದ ಮರಿಗೆ ಕೊಬ್ಬು ತುಂಬಿದ ಡುಬ್ಬವೇ ಇರುವುದಿಲ್ಲ. ಆದರೂ ಡುಬ್ಬವೆಂದರೆ ಒಂಟೆಯ ನೀರಿನ ತೊಟ್ಟಿ ಎಂಬ ಮಾತು ತಲೆಮಾರುಗಳಿಂದ ಬಾಯಿಂದ ಬಾಯಿಗೆ ದಾಟುತ್ತಲೇ ಬಂದಿದೆ.

ಸ್ವಲ್ಪ ಓದಿಕೊಂಡವರು ಇನ್ನೊಂದು ವಾದ ಹೂಡುತ್ತಾರೆ. ಕೊಬ್ಬು ದೇಹದೊಳಗೆ ಉರಿದಾಗ ನೀರು ಹುಟ್ಟುತ್ತದಲ್ಲ, ಡುಬ್ಬವನ್ನು ನೀರಿನ ದಾಸ್ತಾನು ಎಂದರೆ ತಪ್ಪೇನು? ಲೆಕ್ಕದ ಒಂದು ಭಾಗ ಸರಿ. ಒಂದು ಗ್ರಾಂ ಕೊಬ್ಬು ಪೂರ್ತಿ ಉರಿದರೆ ಒಂದು ಗ್ರಾಂಗಿಂತ ತುಸು ಹೆಚ್ಚೇ ನೀರು ಬರುತ್ತದೆ. ಆದರೆ ಉರಿಯಲು ಆಮ್ಲಜನಕ ಬೇಕು, ಆಮ್ಲಜನಕಕ್ಕಾಗಿ ಉಸಿರಾಡಬೇಕು, ಮರುಭೂಮಿಯ ಒಣಗಾಳಿಯಲ್ಲಿ ಪ್ರತಿ ಉಸಿರಿನ ಜೊತೆಗೂ ಶ್ವಾಸಕೋಶದ ತೇವ ಹೊರಟುಹೋಗುತ್ತದೆ. ಕೂಡಿ ಕಳೆದರೆ ಲಾಭವೇನೂ ಉಳಿಯುವುದಿಲ್ಲ.

ಹಾಗಿದ್ದರೆ ಒಂಟೆ ಬದುಕುವುದು ಹೇಗೆ? ಊಹೆಗೆ ಬಿಡದೆ ಇದನ್ನು ಅಳೆದು ನೋಡಿದವರು ನಾರ್ವೆ ಮೂಲದ ಶರೀರವಿಜ್ಞಾನಿ ಕ್ನೂಟ್ ಶ್ಮಿಟ್-ನೀಲ್ಸನ್. 1953–54ರಲ್ಲಿ ಅವರ ತಂಡ ಅಲ್ಜೀರಿಯಾದ ಸಹಾರಾದ ಬೆನಿ ಅಬ್ಬೆಸ್ ಎಂಬ ಊರಿನಲ್ಲಿ ಬೀಡುಬಿಟ್ಟು ಒಂಟೆಗಳ ಮೈಬಿಸಿ, ತೂಕ, ಕಳೆದುಹೋಗುವ ನೀರು ಎಲ್ಲವನ್ನೂ ದಾಖಲಿಸಿತು. ಬೇಕಾದಷ್ಟು ನೀರು ಕುಡಿದ ಒಂಟೆಯ ಮೈಬಿಸಿ ದಿನವಿಡೀ ಸುಮಾರು ಎರಡು ಡಿಗ್ರಿಯಷ್ಟೇ ಏರಿಳಿಯುತ್ತಿತ್ತು. ಬಾಯಾರಿದ ಒಂಟೆಯದು ಬೆಳಗಿನ ಜಾವ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ಮಧ್ಯಾಹ್ನದ ಹೊತ್ತಿಗೆ 40 ದಾಟುತ್ತಿತ್ತು. ಮನುಷ್ಯನಿಗಾದರೆ ಅದು ಆಸ್ಪತ್ರೆಗೆ ಓಡುವಂಥ ಜ್ವರ. ಒಂಟೆಗೆ ಅದೇ ಉಳಿತಾಯ. ಹಗಲಿನ ಬಿಸಿಯನ್ನು ಬೆವರಿ ಕಳೆಯುವ ಬದಲು ಮೈಯಲ್ಲೇ ಇಟ್ಟುಕೊಂಡು ರಾತ್ರಿಯ ತಂಪಿನಲ್ಲಿ ಬಿಟ್ಟುಕೊಡುತ್ತದೆ. 500 ಕಿಲೋ ತೂಗುವ ಒಂಟೆಗೆ ಇದರಿಂದ ದಿನಕ್ಕೆ ಸುಮಾರು 5 ಲೀಟರ್ ನೀರು ಉಳಿಯುತ್ತದೆ.

ಅದೇ ತಂಡ ಇನ್ನೊಂದು ಪ್ರಯೋಗ ಮಾಡಿತು. ಒಂದು ಒಂಟೆಯ ಉಣ್ಣೆಯನ್ನು ಪೂರ್ತಿ ಕತ್ತರಿಸಿತು. ಬಿಸಿಲ ನಾಡಿನಲ್ಲಿ ಉಣ್ಣೆ ಹೊರೆಯೆಂದೇ ಯಾರಿಗೂ ಅನ್ನಿಸೀತು. ಆದರೆ ಉಣ್ಣೆ ಕಳೆದುಕೊಂಡ ಒಂಟೆ ಮೊದಲಿಗಿಂತ ಅರ್ಧದಷ್ಟು ಹೆಚ್ಚು ನೀರು ಖರ್ಚು ಮಾಡಿತು. ಉಣ್ಣೆ ಹೊರಗಿನ ಬಿಸಿ ಒಳಗಿಳಿಯದಂತೆ ತಡೆಯುತ್ತಿತ್ತು ಎಂಬುದು ಆಗ ಗೊತ್ತಾಯಿತು.

ರಕ್ತದ ಕಥೆ ಇನ್ನೂ ಸೊಗಸು. ಕಡು ಬಿಸಿಲಿನಲ್ಲಿ ಮನುಷ್ಯ ತನ್ನ ತೂಕದ ಶೇ 10–12ರಷ್ಟು ನೀರು ಕಳೆದುಕೊಂಡರೆ ರಕ್ತ ಗಟ್ಟಿಯಾಗಿ, ಮೈಬಿಸಿ ಒಮ್ಮೆಲೇ ಏರಿ ಸಾಯುತ್ತಾನೆ. ಒಂಟೆ ಶೇ 25ರಷ್ಟು ಕಳೆದುಕೊಂಡೂ ನಡೆಯುತ್ತಿರುತ್ತದೆ, ಏಕೆಂದರೆ ಅದು ಕಳೆದುಕೊಳ್ಳುವ ನೀರು ಹೆಚ್ಚಾಗಿ ಅಂಗಾಂಶಗಳದ್ದು, ರಕ್ತದ್ದಲ್ಲ. ನೀರು ಸಿಕ್ಕಾಗ ಹತ್ತು ನಿಮಿಷದಲ್ಲಿ ಸುಮಾರು 100 ಲೀಟರ್ ಕುಡಿದುಬಿಡುತ್ತದೆ. ಹೀಗೆ ಒಮ್ಮೆಲೇ ನೀರು ನುಗ್ಗಿದರೆ ಬೇರೆ ಸಸ್ತನಿಗಳ ರಕ್ತಕಣಗಳು ಊದಿ ಒಡೆಯುತ್ತವೆ. ಒಂಟೆಯ ಕೆಂಪು ರಕ್ತಕಣಗಳು ದುಂಡಗಿಲ್ಲ, ಅಂಡಾಕಾರದವು. ಎರಡು ಪಟ್ಟು ಮೀರಿ ಹಿಗ್ಗಿದರೂ ಅವು ಒಡೆಯುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಮರುಭೂಮಿಯೇ ಒಂಟೆಯನ್ನು ಹೀಗೆ ರೂಪಿಸಿತು ಎಂದು ಹೇಳಬೇಕೆನ್ನಿಸುತ್ತದೆ. ಅಲ್ಲೂ ಎಚ್ಚರ ಬೇಕು. ಒಂಟೆಯ ಕುಲ ಹುಟ್ಟಿದ್ದು ಅರೇಬಿಯಾದಲ್ಲಲ್ಲ, ಉತ್ತರ ಅಮೆರಿಕದಲ್ಲಿ. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಸಿಕ್ಕ, ಸುಮಾರು 35 ಲಕ್ಷ ವರ್ಷ ಹಳೆಯ ಮೂಳೆಯ ಚೂರುಗಳು ದೈತ್ಯ ಒಂಟೆಯೊಂದರವು ಎಂದು 2013ರಲ್ಲಿ ಪ್ರಕಟವಾಯಿತು. ಅಂದು ಅಲ್ಲಿ ಕಾಡಿತ್ತು, ತಿಂಗಳುಗಟ್ಟಲೆ ಕತ್ತಲ ಚಳಿಗಾಲವಿತ್ತು. ಇಂದು ಮರಳಿನಲ್ಲಿ ಹೂತುಹೋಗದ ಅಗಲ ಪಾದ ಅಂದು ಹಿಮದ ಮೇಲೆ ನಡೆಯಲು, ಇಂದು ಬರಗಾಲ ದಾಟಿಸುವ ಡುಬ್ಬದ ಕೊಬ್ಬು ಅಂದು ಚಳಿಗಾಲ ದಾಟಲು ನೆರವಾಗಿರಬಹುದು ಎಂಬುದು ಸಂಶೋಧಕರ ತರ್ಕ. ಒಂದು ಕಾಲದಲ್ಲಿ ಒಂದು ಕೆಲಸಕ್ಕೆ ಒದಗಿದ ಅಂಗ ಮತ್ತೊಂದು ಕಾಲದಲ್ಲಿ ಬೇರೆಯದೇ ಕೆಲಸಕ್ಕೆ ಒದಗುವುದು ಜೀವಜಗತ್ತಿನಲ್ಲಿ ಅಪರೂಪವೇನಲ್ಲ.

ನಮ್ಮ ಬೇಲಿಸಾಲಿಗೆ ಬಂದರೆ, ಅತಿ ಹೆಚ್ಚು ಅಪಾರ್ಥಕ್ಕೆ ಗುರಿಯಾದದ್ದು ಗೋಸುಂಬೆ. ಕೂತ ಜಾಗದ ಬಣ್ಣವನ್ನು ಅದು ತಳೆಯುತ್ತದೆ, ಕೆಂಪು ಬಟ್ಟೆಯ ಮೇಲಿಟ್ಟರೆ ಕೆಂಪಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಆಗುವುದಿಲ್ಲ. ಎಲೆ, ಕೊಂಬೆಗಳ ನಡುವೆ ಕಣ್ತಪ್ಪಿಸಲು ಅದರ ಸಹಜ ಹಸಿರು–ಕಂದು ಬಣ್ಣವೇ ಸಾಕು. ಬಣ್ಣ ಬದಲಾಗುವುದು ಮುಖ್ಯವಾಗಿ ಬೇರೆ ಕಾರಣಗಳಿಗೆ: ಎದುರಾಳಿ ಗಂಡನ್ನು ಬೆದರಿಸಲು, ಹೆಣ್ಣನ್ನು ಸೆಳೆಯಲು, ಬೆಳಗಿನ ಚಳಿಯಲ್ಲಿ ಮೈ ಕಪ್ಪಾಗಿಸಿ ಬಿಸಿಲು ಹೀರಲು. ಜಿನೀವಾ ವಿಶ್ವವಿದ್ಯಾಲಯದ ತಂಡವೊಂದು 2015ರಲ್ಲಿ ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಯ ಚರ್ಮವನ್ನು ಪರೀಕ್ಷಿಸಿ ಇದರ ಒಳಗುಟ್ಟು ಬಿಡಿಸಿತು. ಚರ್ಮದ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸಣ್ಣ ಹರಳುಗಳು ಸಾಲಾಗಿ ಜೋಡಣೆಯಾಗಿವೆ. ಪ್ರಾಣಿ ಶಾಂತವಾಗಿದ್ದಾಗ ಅವು ಒತ್ತೊತ್ತಾಗಿದ್ದು ನೀಲಿ ಬೆಳಕನ್ನು ಪ್ರತಿಫಲಿಸುತ್ತವೆ. ಚರ್ಮದ ಹಳದಿಯೊಂದಿಗೆ ಸೇರಿ ಅದು ಹಸಿರಾಗಿ ಕಾಣುತ್ತದೆ. ಪ್ರಾಣಿ ಉದ್ರೇಕಗೊಂಡಾಗ ಹರಳುಗಳ ನಡುವಿನ ಅಂತರ ಹೆಚ್ಚಿ ಮೈ ಹಳದಿ, ಕಿತ್ತಳೆಗೆ ತಿರುಗುತ್ತದೆ.

ನಮ್ಮ ಓತಿಕ್ಯಾತನ ಸಂಕಟವೂ ಇದೇ ಬಗೆಯದು. ಸಂತಾನಕಾಲದಲ್ಲಿ ಗಂಡಿನ ಕತ್ತು ಕೆಂಪೇರುವುದನ್ನು ಕಂಡು ಅದು ರಕ್ತ ಹೀರುವ ಪ್ರಾಣಿಯೆಂದು ಹೆದರಿ ಕಲ್ಲು ಬೀರುವವರು ಈಗಲೂ ಇದ್ದಾರೆ. ಪಾಪ, ಅದು ತಿನ್ನುವುದು ಹುಳುಹುಪ್ಪಟೆ. ಹಿನ್ನೆಲೆಗೆ ತಕ್ಕಂತೆ ಕ್ಷಣದಲ್ಲಿ ಮೈಬಣ್ಣ ಹೊಂದಿಸಿಕೊಳ್ಳುವ ನಿಜವಾದ ನಿಪುಣರು ಸಮುದ್ರದಲ್ಲಿದ್ದಾರೆ: ಆಕ್ಟೋಪಸ್ ಮತ್ತು ಮಲ್ಪೆ ಬಂದರಿನಲ್ಲಿ ಬುಟ್ಟಿಗಟ್ಟಲೆ ಇಳಿಯುವ ಬೊಂಡಾಸ್‌ನ (ಸ್ಕ್ವಿಡ್) ಬಳಗದವು.

ಮೊದಲ ಮಳೆಗೆ ಕಪ್ಪೆಗಳು ಮಣ್ಣಿನಿಂದ ಹುಟ್ಟುತ್ತವೆ, ಇಲ್ಲವೇ ಆಕಾಶದಿಂದ ಉದುರುತ್ತವೆ ಎಂಬ ನಂಬಿಕೆಯನ್ನು ಹಳ್ಳಿಗರ ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಸರಿಯಾಗಿ ಕಂಡ ಕಣ್ಣಿದೆ. ನಿನ್ನೆಯವರೆಗೆ ಬಿರುಕುಬಿಟ್ಟಿದ್ದ ಹೊಲದಲ್ಲಿ ಇವತ್ತು ನೂರಾರು ಕಪ್ಪೆ ಕೂಗುವುದು ನಿಜ. ಅವು ಬಂದದ್ದು ಕಾಲಡಿಯ ನೆಲದಿಂದಲೇ. ಬಿಲ ತೋಡುವ ಕಪ್ಪೆಗಳ ಹಿಂಗಾಲಿನ ಅಡಿಯಲ್ಲಿ ಗುದ್ದಲಿಯಂತೆ ಗಟ್ಟಿಯಾದ ಉಬ್ಬೊಂದಿರುತ್ತದೆ. ಅದರಿಂದ ಮಣ್ಣು ಸರಿಸುತ್ತ ಹಿಮ್ಮುಖವಾಗಿ ಕೆಳಗಿಳಿದು, ಉಸಿರು–ಹಸಿವುಗಳನ್ನು ತಗ್ಗಿಸಿಕೊಂಡು ಬೇಸಿಗೆ ಕಳೆಯುತ್ತವೆ. ಪಶ್ಚಿಮ ಘಟ್ಟದ ನೇರಳೆ ಕಪ್ಪೆಯಂತೂ ವರ್ಷದ ಬಹುಪಾಲು ನೆಲದೊಳಗೇ ಗೆದ್ದಲು ತಿಂದುಕೊಂಡಿದ್ದು, ಮಳೆಗಾಲದ ಹೊಸ್ತಿಲಲ್ಲಿ ಕೆಲವೇ ದಿನ ಮೇಲೆ ಬರುತ್ತದೆ. 2003ರವರೆಗೆ ವಿಜ್ಞಾನ ಅದಕ್ಕೊಂದು ಹೆಸರನ್ನೂ ಕೊಟ್ಟಿರಲಿಲ್ಲ.

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ ಇನ್ನೊಂದು ರೋಚಕ ಮಾತಿದೆ. ಅವು ಎವರೆಸ್ಟ್ ಶಿಖರದ ಮೇಲೆ ಹಾರಿ, ಬಿರುಗಾಳಿಯ ಬೆನ್ನೇರಿ ಹಿಮಾಲಯ ದಾಟುತ್ತವೆ ಎನ್ನುತ್ತಾರೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯಿಂದ ಅವು ಬರುವುದು ನಿಜ, ಹಿಮಾಲಯ ದಾಟುವುದೂ ನಿಜ. ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದ ಸಂಶೋಧಕರು ಹಕ್ಕಿಗಳ ಮೈಗೆ ಉಪಕರಣ ಕಟ್ಟಿ ಹಿಂಬಾಲಿಸಿದಾಗ ಚಿತ್ರ ಬದಲಾಯಿತು. ದಾಖಲಾದ ಗರಿಷ್ಠ ಎತ್ತರ ಸುಮಾರು 7,290 ಮೀಟರ್; ಹಾರಾಟದ ಬಹುಪಾಲು 6,000 ಮೀಟರ್‌ಗಿಂತ ಕೆಳಗೇ ನಡೆದಿತ್ತು. ಎಲ್ಲಿ ಕಣಿವೆ ಇದೆಯೋ ಅಲ್ಲಿ ಇಳಿದು, ಎಲ್ಲಿ ಗುಡ್ಡವಿದೆಯೋ ಅಲ್ಲಿ ಏರಿ, ನೆಲದ ಏರಿಳಿತವನ್ನೇ ಅನುಸರಿಸಿ ಅವು ಹಾರುತ್ತವೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಹೀಗೆ ಬಿಟ್ಟುಕೊಡುವುದು ದಡ್ಡತನವೆಂದು ತೋರಬಹುದು. ಆದರೆ ಮೇಲಿನ ತೆಳುಗಾಳಿಯಲ್ಲಿ ರೆಕ್ಕೆಬಡಿತ ಸ್ವಲ್ಪ ಚುರುಕಾದರೂ ಶಕ್ತಿಯ ಖರ್ಚು ವಿಪರೀತ ಏರುತ್ತದೆ. ಇಳಿದು ಹಾರುವುದೇ ಅಗ್ಗ. ಗಾಳಿಯ ಬೆಂಬಲದ ಮಾತೂ ಬಿದ್ದುಹೋಯಿತು. ಮಧ್ಯಾಹ್ನ ಕಣಿವೆಯಿಂದ ಮೇಲಕ್ಕೆ ಬೀಸುವ ಗಾಳಿಯನ್ನು ಬಿಟ್ಟು, ಹವೆ ತಣ್ಣಗೆ, ಸಾಂದ್ರವಾಗಿ, ಶಾಂತವಾಗಿರುವ ರಾತ್ರಿ ಮತ್ತು ಮುಂಜಾವಿನಲ್ಲೇ ಅವು ಹೆಚ್ಚಾಗಿ ಏರುತ್ತವೆ.

ಎರಡು–ಮೂರು ಕಿಲೋ ತೂಕದ ಈ ಹಕ್ಕಿ ಏಳೆಂಟು ಗಂಟೆಯಲ್ಲಿ ಸಮತಟ್ಟು ನೆಲದಿಂದ ಹಿಮಾಲಯದ ಕಣಿವೆದಾರಿಯ ಎತ್ತರಕ್ಕೆ ಏರಬಲ್ಲದು. ಪರ್ವತಾರೋಹಿಗಳು ಅದೇ ಎತ್ತರಕ್ಕೆ ಮೈ ಒಗ್ಗಿಸಲು ವಾರಗಟ್ಟಲೆ ತಂಗುತ್ತಾರೆ. ಹಕ್ಕಿಯ ಸಾಮರ್ಥ್ಯ ಯಾವುದೋ ಒಂದು ಪವಾಡದ ಅಂಗದಲ್ಲಿಲ್ಲ. ಹಿಮೋಗ್ಲೋಬಿನ್‌ನಲ್ಲಿ ಆಗಿರುವ ಒಂದು ಪುಟ್ಟ ಬದಲಾವಣೆ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ. ಶ್ವಾಸಕೋಶ ದೊಡ್ಡದು. ರೆಕ್ಕೆಯ ಸ್ನಾಯುಗಳಲ್ಲಿ ಕೂದಲೆಳೆಯಂಥ ರಕ್ತನಾಳಗಳು ದಟ್ಟ. ಇವೆಲ್ಲಕ್ಕೂ ಹೊತ್ತು ನೋಡಿ ಹಾರುವ ನಡವಳಿಕೆ ಜೊತೆಗೂಡಿದೆ. ಮಾಗಡಿ ಕೆರೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಅಲ್ಲಿ ತಂಗುವ ಹಕ್ಕಿಯ ಬಗ್ಗೆ ನಿಜ ಸಂಗತಿ ಕಟ್ಟುಕಥೆಗಿಂತ ದೊಡ್ಡದೆಂದು ಅಲ್ಲಿಗೆ ಹೋಗುವ ಪ್ರತಿ ವಿದ್ಯಾರ್ಥಿಗೂ ತಿಳಿಯಬೇಕು.

ಇಂಥ ಹಲವು ತಪ್ಪು ಕಲ್ಪನೆಗಳ ತಾಯಿಬೇರು ಒಂದೇ. ಪ್ರಾಣಿಗೆ ಬೇಕೆನಿಸಿದಾಗ ಅದರ ಮೈ ಬದಲಾಗುತ್ತದೆ, ಕಷ್ಟ ಬಂದರೆ ಅದು ಹೊಂದಿಕೊಳ್ಳುತ್ತದೆ ಎಂಬ ಭಾವನೆ. ಹೊಂದಾಣಿಕೆ ನಿಜಕ್ಕೂ ಹೇಗೆ ನಡೆಯುತ್ತದೆಂದು ಕಣ್ಣಾರೆ ಕಂಡವರು ಪೀಟರ್ ಮತ್ತು ರೋಸ್‌ಮೆರಿ ಗ್ರ್ಯಾಂಟ್ ದಂಪತಿ. ಗಲಪಾಗೋಸ್‌ನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಅವರು ಫಿಂಚ್ ಹಕ್ಕಿಗಳ ಕೊಕ್ಕುಗಳನ್ನು ಒಂದೊಂದಾಗಿ ಅಳೆಯುತ್ತಿದ್ದರು. 1976ರ ಮಳೆಗಾಲದಲ್ಲಿ ಅಲ್ಲಿ 127 ಮಿಲಿಮೀಟರ್ ಮಳೆ ಬಿದ್ದಿತ್ತು, 1977ರಲ್ಲಿ ಬಿದ್ದದ್ದು 24. ಸಣ್ಣ ಮೆತ್ತನೆಯ ಬೀಜಗಳು ಬೇಗ ಮುಗಿದವು. ಉಳಿದದ್ದರಲ್ಲಿ ಮುಖ್ಯವಾದದ್ದು ಮುಳ್ಳುಕಾಯಿ, ನಮ್ಮ ಬಯಲುಸೀಮೆಯಲ್ಲಿ ಚಪ್ಪಲಿಗೆ ಚುಚ್ಚಿಕೊಳ್ಳುವ ನೆಗ್ಗಿಲು ಮುಳ್ಳಿನ ಕುಲದ್ದೇ. ಅದನ್ನು ಒಡೆದು ಬೀಜ ತೆಗೆಯಲು ದಪ್ಪ ಕೊಕ್ಕೇ ಬೇಕು. ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಬದುಕು–ಸಾವನ್ನು ನಿರ್ಧರಿಸಿತು. ದ್ವೀಪದ ಆ ಜಾತಿಯ ಹಕ್ಕಿಗಳಲ್ಲಿ ಶೇ 80ಕ್ಕೂ ಹೆಚ್ಚು ಕಣ್ಮರೆಯಾದವು. ಬದುಕಿದ ದಪ್ಪ ಕೊಕ್ಕಿನವುಗಳ ಮರಿಗಳಿಗೂ ಕೊಕ್ಕು ದಪ್ಪವಾಗಿಯೇ ಬಂತು.

ಆ ಬರದಲ್ಲಿ ಒಂದೇ ಒಂದು ಹಕ್ಕಿಯೂ ತನ್ನ ಕೊಕ್ಕನ್ನು ಬೆಳೆಸಿಕೊಳ್ಳಲಿಲ್ಲ. ಜಾತಿ ಹೊಂದಿಕೊಂಡಿತು, ಹಕ್ಕಿಗಳು ಸತ್ತವು. ದಪ್ಪ ಕೊಕ್ಕಿನ ಹಕ್ಕಿಗಳು ಮೊದಲೇ ಇಲ್ಲದಿದ್ದರೆ ಜಾತಿಯೂ ಉಳಿಯುತ್ತಿರಲಿಲ್ಲ. ಮುಂದೆ 1983ರಲ್ಲಿ ಎಲ್ ನಿನೊ ವಿಪರೀತ ಮಳೆ ಸುರಿಸಿ ಸಣ್ಣ ಬೀಜ ಹೇರಳವಾದಾಗ ಅನುಕೂಲ ಸಣ್ಣ ಕೊಕ್ಕಿನವುಗಳ ಪಾಲಾಯಿತು. ಹೊಂದಾಣಿಕೆಗೆ ಗುರಿಯೂ ಇಲ್ಲ, ಮೇಲ್ಮುಖ ದಾರಿಯೂ ಇಲ್ಲ.

ಆದ್ದರಿಂದಲೇ ಇಂದು ಕೇಳಿಬರುವ ಒಂದು ಸಮಾಧಾನದ ಮಾತು ಎಲ್ಲಕ್ಕಿಂತ ಅಪಾಯಕಾರಿ: ಭೂಮಿ ಬಿಸಿಯಾದರೆ ಆಗಲಿ, ಪ್ರಾಣಿಗಳು ಹೇಗೋ ಹೊಂದಿಕೊಳ್ಳುತ್ತವೆ. ಕಡಲಾಮೆಯನ್ನು ನೋಡಿ. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಮೊಟ್ಟೆ ಹುದುಗಿರುವ ಮರಳಿನ ಬಿಸಿ. ಹಸಿರು ಕಡಲಾಮೆಗಳಲ್ಲಿ 29 ಡಿಗ್ರಿ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ. ಬಿಸಿ ಏರಿದರೆ ಹೆಣ್ಣೇ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದಲ್ಲಿ ಹುಟ್ಟಿದ ಎಳೆಯ ಹಸಿರು ಆಮೆಗಳಲ್ಲಿ ಶೇ 99 ಹೆಣ್ಣು ಎಂದು 2018ರ ಅಧ್ಯಯನವೊಂದು ತಿಳಿಸಿತು. ಈ ಆಮೆಗಳು ಪ್ರಾಯಕ್ಕೆ ಬರಲು ದಶಕಗಳೇ ಬೇಕು. ಫಿಂಚ್‌ಗಳಲ್ಲಿ ವರ್ಷದೊಳಗೆ ನಡೆದ ಆಯ್ಕೆ ಇಲ್ಲಿ ನಡೆಯಲು ಅಷ್ಟು ಪುರಸೊತ್ತಿಲ್ಲ.

ಉತ್ತರ ಕನ್ನಡದ ಕರಾವಳಿಯಲ್ಲೂ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ರಾತ್ರಿ ಮರಳಿನಿಂದ ಹೊರಬಂದ ಮರಿ ಹೆಚ್ಚು ಬೆಳಕಿರುವ ದಿಕ್ಕಿಗೆ ಓಡುತ್ತದೆ. ನಿಸರ್ಗದಲ್ಲಿ ಅದು ಯಾವಾಗಲೂ ಸಮುದ್ರದ ಕಡೆ. ಕೋಟ್ಯಂತರ ವರ್ಷ ಕೈಹಿಡಿದ ಈ ನಡವಳಿಕೆಯೇ ಈಗ ಅದನ್ನು ರೆಸಾರ್ಟಿನ ದೀಪದತ್ತ, ರಸ್ತೆಯತ್ತ ಕರೆದೊಯ್ದು ಕೊಲ್ಲುತ್ತಿದೆ. ಮರಿ ಈ ಓಟವನ್ನು ಬದಲಿಸಿಕೊಳ್ಳಲಾರದು, ದೀಪದ ಗುಂಡಿ ಒತ್ತುವವರು ಬದಲಿಸಬಲ್ಲರು. ಕಡಲಿಗೆ ಮುಖಮಾಡಿದ ಮನೆ, ಹೋಟೆಲು ನಿಮ್ಮದಾಗಿದ್ದರೆ ಮೊಟ್ಟೆಯೊಡೆಯುವ ತಿಂಗಳುಗಳಲ್ಲಿ ಸಮುದ್ರದ ಕಡೆಯ ದೀಪ ಆರಿಸಿ, ಇಲ್ಲವೇ ಬೆಳಕು ಮರಳಿನ ಮೇಲೆ ಬೀಳದಂತೆ ಮರೆಮಾಡಿ. ಮರಳಿನಲ್ಲಿ ಮೊಟ್ಟೆಯ ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.