ವಿಂಡೋಸ್ 10 ನಿಂತುಹೋಯಿತಂತೆ, ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಕೆ?

ವಿಂಡೋಸ್ 10 ಬಂದ್ ಆಗಿದೆ, ಅದಿರುವ ಲ್ಯಾಪ್‌ಟಾಪ್ ಇನ್ನು ಕೆಲಸಕ್ಕೆ ಬಾರದು ಎನ್ನುವ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು: ಲಿನಕ್ಸ್ ಹಾಕಿ, ಬಿಟ್ಟಿ, ವೈರಸ್ ಬರಲ್ಲ, ಹಳೇ ಲ್ಯಾಪ್‌ಟಾಪ್ ಹೊಸದಾಗುತ್ತೆ. ಎರಡರಲ್ಲೂ ಅರ್ಧ ನಿಜವಿದೆ. ಮೊದಲನೆಯದನ್ನು ನಂಬಿದವರು ಮೂವತ್ತು ನಲವತ್ತು ಸಾವಿರ ಖರ್ಚು ಮಾಡುತ್ತಾರೆ. ಎರಡನೆಯದನ್ನು ಅವಸರದಲ್ಲಿ ಮಾಡಲು ಹೋದವರು ಮಕ್ಕಳ ಫೋಟೋಗಳನ್ನೆಲ್ಲ ಕಳೆದುಕೊಳ್ಳಬಹುದು.

ನಿಂತದ್ದು ಏನು?

2025ರ ಅಕ್ಟೋಬರ್ 14ಕ್ಕೆ ನಿಂತದ್ದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಉಚಿತ ಅಪ್‌ಡೇಟ್, ಲ್ಯಾಪ್‌ಟಾಪ್ ಅಲ್ಲ. ಮರುದಿನವೂ ಅದು ಎಂದಿನಂತೆ ಆನ್ ಆಗುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ತೇಪೆ ಸಿಗುವುದಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಬಿಟ್ಟಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು.

ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಮುಂದುವರಿಸುವ ವ್ಯವಸ್ಥೆಯನ್ನೂ ಮೈಕ್ರೋಸಾಫ್ಟ್ ಮಾಡಿದೆ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಚೆನ್ನಾಗಿ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಒಂದೇ ಕಾರಣಕ್ಕೆ ‘ಹಳತು’ ಅನಿಸಿಕೊಂಡಿವೆ.

ಲಿನಕ್ಸ್ ಹಾಕಿದರೆ?

ಲಿನಕ್ಸ್ ಎಂದರೆ ಕಪ್ಪು ಪರದೆಯ ಮೇಲೆ ಇಂಜಿನಿಯರ್‌ಗಳು ಟೈಪ್ ಮಾಡುವ ಏನೋ ಒಂದು ಎಂದು ಹೆದರಬೇಕಿಲ್ಲ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಈ ತಂತ್ರಾಂಶದ ತಿರುಳೇ ನಿಮ್ಮ ಆಂಡ್ರಾಯ್ಡ್ ಫೋನಿನೊಳಗೂ ಇದೆ. ಲ್ಯಾಪ್‌ಟಾಪಿಗೆ ಲಿನಕ್ಸ್‌ನ ಹಲವು ರೂಪಗಳಿವೆ. ವಿಂಡೋಸ್‌ನಿಂದ ಬರುವವರಿಗೆ ನಾವು ಹೇಳುವುದು ಲಿನಕ್ಸ್ ಮಿಂಟ್. ಕೆಳಗೆ ಮೆನು, ಮೂಲೆಯಲ್ಲಿ ಗಡಿಯಾರ, ಎಲ್ಲ ಕಂಡದ್ದೇ. ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, ಆರಾಮಾಗಿ ಓಡಲು 4 ಜಿಬಿ. ರ‍್ಯಾಮ್ ಕಡಿಮೆಯಿದ್ದರೆ ಅದರಲ್ಲೇ ‘ಎಕ್ಸ್‌ಎಫ್‌ಸಿಇ’ ಎಂಬ ಹಗುರ ಆವೃತ್ತಿಯನ್ನು ಆರಿಸಿಕೊಳ್ಳಿ.

ಹಳತು ಹೊಸದಾಗುತ್ತದೆ ಎನ್ನುವುದು ಮಾತ್ರ ಉತ್ಪ್ರೇಕ್ಷೆ. ನಿಧಾನಕ್ಕೆ ಕಾರಣ ಎಷ್ಟೋ ಸಲ ಒಳಗೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ವಿಂಡೋಸ್ ಕೂಡ ಚುರುಕಾಗುತ್ತದೆ. ಕ್ರೋಮ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ ಲಿನಕ್ಸ್‌ನಲ್ಲೂ ರ‍್ಯಾಮ್ ತುಂಬುತ್ತದೆ.

ವೈರಸ್ಸೇ ಬರಲ್ಲ ಎನ್ನುವುದು ಸುಳ್ಳು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹೊಕ್ಕಿದ್ದು ಲಿನಕ್ಸ್ ಇದ್ದ ಕ್ಯಾಮೆರಾ, ರೂಟರ್‌ಗಳಿಗೇ. ಕಂಪನಿ ಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಬಾಗಿಲು ತೆರೆದೇ ಇತ್ತು. ಮನೆಯ ಲಿನಕ್ಸ್ ಲ್ಯಾಪ್‌ಟಾಪಿಗೆ ವಿಂಡೋಸ್‌ನಷ್ಟು ಕಾಟ ಇಲ್ಲ, ಅಷ್ಟು ನಿಜ. ಆದರೆ ನಕಲಿ ಬ್ಯಾಂಕ್ ಪುಟದಲ್ಲಿ ಒಟಿಪಿ ತುಂಬಿದರೆ ಯಾವ ತಂತ್ರಾಂಶವೂ ಕಾಪಾಡದು.

ಹಾಕುವ ಮೊದಲು ಪೆನ್‌ಡ್ರೈವಿನಿಂದ ನೋಡಿ

ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವ ಮುಖ್ಯ ವಿಷಯ ಇದು. ಲಿನಕ್ಸನ್ನು ಹಾಕದೆಯೇ ಪೆನ್‌ಡ್ರೈವಿನಿಂದ ಓಡಿಸಿ ನೋಡಬಹುದು. ನಿಮ್ಮ ಡಿಸ್ಕ್‌ನಲ್ಲಿರುವ ವಿಂಡೋಸ್ ಇದ್ದಲ್ಲೇ ಇರುತ್ತದೆ.

8 ಜಿಬಿಯ ಖಾಲಿ ಪೆನ್‌ಡ್ರೈವ್ ಸಾಕು. ಅದರಲ್ಲಿ ಏನಾದರೂ ಇದ್ದರೆ ಅಳಿಸಿಹೋಗುತ್ತದೆ, ಮೊದಲೇ ತೆಗೆದಿಡಿ. ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಫೈಲ್ ಇಳಿಸಿಕೊಳ್ಳಿ. ಅದನ್ನು ಪೆನ್‌ಡ್ರೈವಿಗೆ ಕಾಪಿ ಪೇಸ್ಟ್ ಮಾಡಿದರೆ ಆಗದು. ರೂಫಸ್ ಅಥವಾ ಎಚರ್ ಎಂಬ ಉಚಿತ ತಂತ್ರಾಂಶದಿಂದ ಬರೆಯಬೇಕು. ಎಷ್ಟೋ ಜನ ಎಡವುವುದು ಇಲ್ಲೇ. ಬಳಿಕ ಲ್ಯಾಪ್‌ಟಾಪ್ ಆನ್ ಆಗುವಾಗ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಎಲ್ಲಿಂದ ಶುರುವಾಗಲಿ ಎಂದು ಕೇಳುತ್ತದೆ. ಪೆನ್‌ಡ್ರೈವ್ ಆರಿಸಿ.

ಒಂದು ಗಂಟೆ ಬಳಸಿ. ಪೆನ್‌ಡ್ರೈವಿನಿಂದ ಸ್ವಲ್ಪ ನಿಧಾನವೇ ಇರುತ್ತದೆ, ಡಿಸ್ಕ್‌ಗೆ ಹಾಕಿದಾಗ ಹಾಗಿರದು. ಯೂಟ್ಯೂಬ್ ತೆರೆದು ಧ್ವನಿ ನೋಡಿ, ಕ್ಯಾಮೆರಾ ನೋಡಿ, ಪ್ರಿಂಟರ್ ಇದ್ದರೆ ಒಂದು ಹಾಳೆ ಮುದ್ರಿಸಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ, ಅದರಲ್ಲೂ ಬ್ರಾಡ್‌ಕಾಮ್ ಚಿಪ್ ಇದ್ದಲ್ಲಿ, ವೈಫೈ ತಾನಾಗಿ ಬರುವುದಿಲ್ಲ. ಆಗ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್ನೆಟ್ ಬರುತ್ತದೆ, ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಿಂದ ಬೇಕಾದ ಡ್ರೈವರ್ ಹಾಕಿಕೊಳ್ಳಬಹುದು.

ಟ್ಯಾಲಿ ಬಳಸುವ ಅಂಗಡಿಯವರು, ಫೋಟೋಶಾಪ್‌ನಲ್ಲಿ ದುಡಿಯುವ ಸ್ಟುಡಿಯೋದವರು ವಿಂಡೋಸ್ ಬಿಡದಿರುವುದೇ ಒಳ್ಳೆಯದು. ಬ್ರೌಸರ್, ಮಕ್ಕಳ ಆನ್‌ಲೈನ್ ಪಾಠ, ಪತ್ರ ಬರೆಯುವುದು, ಸಿನಿಮಾ ಇಷ್ಟೇ ಆದರೆ ಧಾರಾಳವಾಗಿ ಸಾಕು.

ಹಾಕಲು ನಿರ್ಧರಿಸಿದರೆ, ಮೊದಲು ಎಲ್ಲ ಕಡತಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕ್‌ನಲ್ಲಿ ಇಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಹಾಕುವಾಗ ‘ಡಿಸ್ಕ್ ಅಳಿಸಿ ಹಾಕು’ ಎಂಬ ಆಯ್ಕೆ ಬರುತ್ತದೆ. ಅದು ಸಿ ಡ್ರೈವ್ ಮಾತ್ರವಲ್ಲ, ಡಿ, ಇ ಎಲ್ಲವನ್ನೂ ಅಳಿಸುತ್ತದೆ.

ತೊಂದರೆ ಬಂದಾಗ ಟರ್ಮಿನಲ್‌ನಲ್ಲಿ ಅಂಟಿಸಿ ಎಂದು ಯಾರೋ ಒಂದು ಸಾಲು ಕಳಿಸುತ್ತಾರೆ. ‘ಸುಡೊ’ ಎಂದು ಶುರುವಾಗುವ ಸಾಲಿಗೆ ಪಾಸ್‌ವರ್ಡ್ ಕೊಟ್ಟರೆ ಇಡೀ ಯಂತ್ರದ ಮೇಲೆ ಅಧಿಕಾರ ಕೊಟ್ಟಂತೆ. ಅರ್ಥವಾಗದ ಸಾಲನ್ನು ಅಂಟಿಸಬೇಡಿ. ಅಂದಹಾಗೆ, ಅಲ್ಲಿ ಪಾಸ್‌ವರ್ಡ್ ಒತ್ತುವಾಗ ಚುಕ್ಕಿಯೂ ಕಾಣದಿದ್ದರೆ ಕೀಬೋರ್ಡ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅಲ್ಲಿನ ಪದ್ಧತಿಯೇ ಹಾಗೆ.

ಕನ್ನಡದ ಕತೆ?

ಓದಲು ತೊಂದರೆಯಿಲ್ಲ. ಟೈಪ್ ಮಾಡಲು ಐಬಸ್ ಮತ್ತು ಅದರ ಎಂ17ಎನ್ ಭಾಗವನ್ನು ಹಾಕಿಕೊಂಡರೆ ‘ಕೆಜಿಪಿ’ ವಿನ್ಯಾಸ ಸಿಗುತ್ತದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಅದು ಗುರುತಿನದೇ.

ಹಳೆಯ ಕಡತಗಳದ್ದೇ ಫಜೀತಿ. ಯೂನಿಕೋಡ್ ಬರುವ ಮುಂಚಿನ ರೀತಿಯಲ್ಲಿ ನುಡಿ, ಬರಹಗಳಲ್ಲಿ ಬರೆದ ಕಡತ ಲಿನಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿರುವುದಿಲ್ಲ. ಅದರೊಳಗೆ ಇರುವುದೇ ಇಂಗ್ಲಿಷ್ ಅಕ್ಷರದ ಸಂಕೇತಗಳು, ಕನ್ನಡದ ಆಕಾರ ಕೊಡುತ್ತಿದ್ದದ್ದು ಆ ಫಾಂಟ್. ಅಪ್ಪನ ಲೆಕ್ಕಪತ್ರ, ಸಂಘದ ನಡವಳಿ, ನೀವೇ ಬರೆದಿಟ್ಟ ಕತೆ ಇಂಥವು ಲ್ಯಾಪ್‌ಟಾಪಿನಲ್ಲಿದ್ದರೆ, ವಿಂಡೋಸ್ ಇನ್ನೂ ಇರುವಾಗಲೇ ನುಡಿ ಅಥವಾ ಬರಹದ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ, ಒಂದೊಂದನ್ನೂ ತೆರೆದು ಒತ್ತಕ್ಷರ, ಅರ್ಕಾವೊತ್ತು ಸರಿಯಾಗಿವೆಯೇ ನೋಡಿಕೊಂಡು, ಮೂಲ ಕಡತದ ಜೊತೆಗೇ ಹೊರಗಿನ ಡಿಸ್ಕ್‌ಗೆ ಹಾಕಿಡಿ.