ಮೈಸೂರೋ ಬೆಂಗಳೂರೋ: ಬಾಡಿಗೆಯೊಂದರಿಂದ ತೀರದ ಲೆಕ್ಕ

ಬೆಂಗಳೂರು: ಪದವಿ ಮುಗಿಸಿ, ಮೊದಲ ನೌಕರಿಯ ಪತ್ರವನ್ನು ಕೈಯಲ್ಲಿ ಹಿಡಿದು ನಿಂತ ಮಂಡ್ಯ, ಹಾಸನ, ಚಾಮರಾಜನಗರ ಕಡೆಯ ಯುವಕ ಯುವತಿಯರನ್ನು ಕಾಡುವ ಪ್ರಶ್ನೆ ಬಹುತೇಕ ಒಂದೇ. ನೆಲೆಸಬೇಕಾದದ್ದು ಮೈಸೂರಿನಲ್ಲೋ, ಬೆಂಗಳೂರಿನಲ್ಲೋ? ಮೈಸೂರು ಅಗ್ಗ, ನೆಮ್ಮದಿ ಎನ್ನುವವರು ಒಂದು ಕಡೆ; ಸಂಬಳ ಬೇಕಿದ್ದರೆ ಬೆಂಗಳೂರೇ ಗತಿ ಎನ್ನುವವರು ಇನ್ನೊಂದು ಕಡೆ. ಎರಡು ಮಾತುಗಳಲ್ಲಿಯೂ ಸತ್ಯವಿದೆ. ಆದರೆ ಎರಡೂ ಅರ್ಧಕ್ಕೇ ನಿಲ್ಲುತ್ತವೆ.

ಕುತೂಹಲದ ಸಂಗತಿಯೆಂದರೆ, ಹೊರಗಿನಿಂದ ಬರುವವರಷ್ಟೇ ಅಲ್ಲ, ಚಿಕ್ಕಪೇಟೆ, ಚಾಮರಾಜಪೇಟೆ, ಬಸವನಗುಡಿಗಳಲ್ಲಿಯೇ ಹುಟ್ಟಿ ಬೆಳೆದವರ ಮನೆಗಳಲ್ಲಿಯೂ ಈಗ ಇದೇ ಚರ್ಚೆ ನಡೆಯುತ್ತಿದೆ. ಅಜ್ಜ ಕಟ್ಟಿಸಿದ ಮನೆ ಮೂರು ಪಾಲಾದ ಮೇಲೆ ನಾಲ್ಕನೆಯವರಿಗೆ ಕೋಣೆಯಿಲ್ಲ. ಅದೇ ಬಡಾವಣೆಯಲ್ಲಿ ಇನ್ನೊಂದು ಮನೆ ಕೊಳ್ಳುವ ಮಾತಂತೂ ಮೊದಲ ಸಂಬಳದವರಿಗೆ ದೂರವೇ ಉಳಿಯಿತು.

ಹಳೆಯ ಪ್ರಶ್ನೆ

ಈ ಆಯ್ಕೆ ಮಾಹಿತಿ ತಂತ್ರಜ್ಞಾನದೊಂದಿಗೆ ಹುಟ್ಟಿದ್ದೇನೂ ಅಲ್ಲ. 1831ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಬಳಿಕ ಕಚೇರಿಗಳು ಬೆಂಗಳೂರಿಗೆ ಬಂದವು. 1881ರಲ್ಲಿ ಅಧಿಕಾರ ಅರಸರಿಗೆ ಮರಳಿದಾಗಲೂ ಅರಮನೆ ಮೈಸೂರಿನಲ್ಲಿ, ಸಚಿವಾಲಯ ಬೆಂಗಳೂರಿನಲ್ಲಿ ಎಂಬ ಹಂಚಿಕೆ ಮುಂದುವರಿಯಿತು. ಒಂದೇ ಸಂಸ್ಥಾನಕ್ಕೆ ಎರಡು ಕೇಂದ್ರಗಳಾದವು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ಈ ಹಂಚಿಕೆ ವಿದ್ಯಾರ್ಥಿಗಳ ಬಾಳಿಗೂ ಇಳಿಯಿತು. ಕಲಾ ವಿಷಯಗಳಿಗೆ ಮೈಸೂರಿನ ಮಹಾರಾಜ ಕಾಲೇಜು, ವಿಜ್ಞಾನಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಮರುವರ್ಷ ಎಂಜಿನಿಯರಿಂಗ್ ಕಾಲೇಜು ಬೆಂಗಳೂರಿನಲ್ಲಿ ತೆರೆಯಿತು. ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರವಾಯಿತು. ಅಂದಿನ ಹುಡುಗ ಊರನ್ನು ಆರಿಸುತ್ತಿರಲಿಲ್ಲ, ವಿಷಯವನ್ನು ಆರಿಸುತ್ತಿದ್ದ. ಊರು ತಾನಾಗಿ ಒದಗಿಬರುತ್ತಿತ್ತು.

ಇಂದಿಗೂ ಕೆಲವು ವೃತ್ತಿಗಳ ಮಟ್ಟಿಗೆ ಇದೇ ಕ್ರಮ ಸರಿ. ಆಹಾರ ತಂತ್ರಜ್ಞಾನ ಕಲಿತವರಿಗೆ ಮೈಸೂರಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ. ವಾಕ್ ಮತ್ತು ಶ್ರವಣ ಚಿಕಿತ್ಸೆಗೆ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಸಂಸ್ಥೆ, ಭಾಷಾಶಾಸ್ತ್ರಕ್ಕೆ 1969ರ ಭಾರತೀಯ ಭಾಷಾ ಸಂಸ್ಥಾನ ಅಲ್ಲಿಯೇ ಇವೆ. ಮಾನಸಿಕ ಆರೋಗ್ಯದ ಕ್ಷೇತ್ರದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಬಿಟ್ಟು ಬೇರೆಡೆ ನೋಡುವ ಅಗತ್ಯ ಕಡಿಮೆ. ಇಂಥವರು ಬಾಡಿಗೆಯ ಪಟ್ಟಿ ಹಿಡಿದು ಊರು ಹುಡುಕುವುದು ವ್ಯರ್ಥ ಶ್ರಮ. ತೊಡಕಿರುವುದು ಎರಡೂ ಕಡೆ ಕೆಲಸ ಸಿಗಬಹುದಾದವರಿಗೆ: ಸಾಫ್ಟ್‌ವೇರ್, ಲೆಕ್ಕಪತ್ರ, ಬ್ಯಾಂಕು, ಮಾರಾಟ, ಬೋಧನೆ, ಕಾರ್ಖಾನೆಯ ಕೆಲಸದವರಿಗೆ.

ಸರ್ಕಾರವೇ ಹಾಕಿದ ಬೆಲೆ

ಎರಡು ಊರುಗಳ ಖರ್ಚಿನಲ್ಲಿ ಅಂತರವಿದೆ ಎಂಬುದನ್ನು ನಿಯಮಗಳೂ ಒಪ್ಪುತ್ತವೆ. ಏಳನೇ ವೇತನ ಆಯೋಗದ ವ್ಯವಸ್ಥೆಯಲ್ಲಿ ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆಗಾಗಿ ಬೆಂಗಳೂರನ್ನು ‘ಎಕ್ಸ್’ ವರ್ಗದಲ್ಲಿಯೂ ಮೈಸೂರನ್ನು ‘ವೈ’ ವರ್ಗದಲ್ಲಿಯೂ ಇರಿಸಲಾಯಿತು. ತುಟ್ಟಿಭತ್ಯೆ ಶೇ 50 ಮುಟ್ಟಿದ 2024ರ ಜನವರಿಯಿಂದ ಈ ಭತ್ಯೆ ಮೂಲ ವೇತನದ ಶೇ 30 ಮತ್ತು ಶೇ 20 ಆಯಿತು. ಲೆಕ್ಕ ಪರಿಶೋಧಕರ ಸಂಸ್ಥೆಯೂ ತರಬೇತಿಯಲ್ಲಿರುವ ಆರ್ಟಿಕಲ್ ವಿದ್ಯಾರ್ಥಿಗಳ ಕನಿಷ್ಠ ಶಿಷ್ಯವೇತನವನ್ನು ಊರಿನ ಜನಸಂಖ್ಯೆಯ ಮೇಲೆ ನಿಗದಿಪಡಿಸುತ್ತದೆ. 20 ಲಕ್ಷ ದಾಟಿದ ನಗರಕ್ಕೆ ಒಂದು ದರ, 4ರಿಂದ 20 ಲಕ್ಷದ ನಗರಕ್ಕೆ ಅದಕ್ಕಿಂತ ಕಡಿಮೆ ದರ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ, ಮೈಸೂರಿನದು 9 ಲಕ್ಷದ ಆಸುಪಾಸು.

ಖಾಸಗಿ ನೌಕರಿಯಲ್ಲಿ ಇಂಥ ಸೂತ್ರವಿಲ್ಲ. ಆದ್ದರಿಂದ ಲೆಕ್ಕವನ್ನು ತಾನೇ ಹಾಕಿಕೊಳ್ಳಬೇಕಾಗುತ್ತದೆ. ಬೆಂಗಳೂರಿನಲ್ಲಿ 35,000 ರೂಪಾಯಿ ಸಂಬಳ, 14,000 ಬಾಡಿಗೆ. ಮೈಸೂರಿನಲ್ಲಿ 27,000 ಸಂಬಳ, 7,000 ಬಾಡಿಗೆ ಎಂದಿಟ್ಟುಕೊಳ್ಳೋಣ. ಬಾಡಿಗೆ ಕಳೆದು ಉಳಿಯುವುದು 21,000 ಮತ್ತು 20,000. ಸಂಬಳದಲ್ಲಿ ಎಂಟು ಸಾವಿರದಷ್ಟು ಕಂಡ ಅಂತರ ಒಂದು ಸಾವಿರಕ್ಕೆ ಇಳಿಯಿತು. ಓಡಾಟದ ಖರ್ಚು, ಹೊರಗಿನ ಊಟ ಸೇರಿದರೆ ಅದೂ ಉಳಿಯಲಾರದು.

ಇದಕ್ಕಿಂತ ದೊಡ್ಡ ಹೊಡೆತ ಮುಂಗಡದ್ದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವ ರೂಢಿ ಹಳೆಯದು. ಈಚೆಗೆ ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ. ಮೇಲಿನ ಲೆಕ್ಕದಲ್ಲಿ ಹತ್ತು ತಿಂಗಳೆಂದರೆ 1.40 ಲಕ್ಷ ರೂಪಾಯಿ. ಅದೇ ರೂಢಿ ಮೈಸೂರಿನ ಮನೆಗಿದ್ದರೂ 70,000. ಹೆಚ್ಚುವರಿ 70,000ವನ್ನು ತಿಂಗಳಿಗೆ ಸಾವಿರದಂತೆ ಕೂಡಿಸಲು 70 ತಿಂಗಳು ಬೇಕು. ಮುಂಗಡ ಮರಳಿ ಬರುವ ಹಣವೇ ಹೌದು, ಆದರೆ ಪೂರ್ತಿಯಾಗಿ ಬರುವುದು ಅಪರೂಪ. ಮನೆ ಬಿಡುವಾಗ ಬಣ್ಣ ಬಳಿಸುವ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ವಾಡಿಕೆಯಾಗಿಬಿಟ್ಟಿದೆ. ಈ ಹಣ ಬಹಳಷ್ಟು ಮನೆಗಳಲ್ಲಿ ಅಪ್ಪನ ಭವಿಷ್ಯನಿಧಿಯಿಂದಲೋ ಅಮ್ಮನ ಒಡವೆ ಅಡವಿಟ್ಟೋ ಬರುತ್ತದೆ ಎಂಬುದನ್ನು ಊರು ಆರಿಸುವವರು ಮರೆಯಬಾರದು.

ಕರಾರುಪತ್ರ ಹನ್ನೊಂದು ತಿಂಗಳಿಗೇ ಏಕೆ ಎಂಬ ಅನುಮಾನ ಹಲವರಿಗಿದೆ. ಒಂದು ವರ್ಷಕ್ಕೆ ಮೀರಿದ ಅವಧಿಯ ಗುತ್ತಿಗೆಯನ್ನು ನೋಂದಣಿ ಕಾಯ್ದೆಯಂತೆ ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ತಪ್ಪಿಸಲು ಕಂಡುಕೊಂಡ ದಾರಿಯಿದು. ಮಾಸಿಕ ಬಾಡಿಗೆಯಿಲ್ಲದೆ ದೊಡ್ಡ ಮೊತ್ತ ಕೊಟ್ಟು ‘ಭೋಗ್ಯ’ಕ್ಕೆ ಮನೆ ಪಡೆಯುವ ಪದ್ಧತಿಯೂ ಎರಡೂ ನಗರಗಳಲ್ಲಿದೆ. ಹಣ ಪಡೆಯುವವನು ನಿಜವಾದ ಮಾಲೀಕನೇ, ಮನೆಯ ಮೇಲೆ ಸಾಲವಿದೆಯೇ ಎಂದು ವಿಚಾರಿಸದೆ ಇದಕ್ಕೆ ಕೈಹಾಕುವುದು ಅಪಾಯ.

ಎರಡನೇ ನೌಕರಿ ಎಲ್ಲಿ?

ಇಷ್ಟರಿಂದ ಮೈಸೂರೇ ಗೆದ್ದಂತೆ ಕಾಣಬಹುದು. ಆದರೆ ಇದು ಮೊದಲ ನೌಕರಿಯ ಲೆಕ್ಕ ಮಾತ್ರ. ಇಪ್ಪತ್ತರ ಹರೆಯದಲ್ಲಿ ಸಂಬಳ ಏರುವುದು ಬಹುತೇಕ ಕೆಲಸ ಬದಲಿಸಿದಾಗ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಈ ಕೆಲಸ ಹೋದರೆ, ಅಥವಾ ಸಾಕೆನಿಸಿದರೆ, ಮನೆ ಬದಲಿಸದೆ ಇನ್ನೊಂದು ಕೆಲಸ ಸಿಗುವುದೇ? ಮೈಸೂರಿನಲ್ಲಿ ಬೆಮೆಲ್, ಟೈರು ಮತ್ತು ವಾಹನ ಬಿಡಿಭಾಗಗಳ ಕಾರ್ಖಾನೆಗಳು, ನಂಜನಗೂಡಿನ ಕೈಗಾರಿಕೆಗಳು, ಕೆಲವು ಸಾಫ್ಟ್‌ವೇರ್ ಕಂಪೆನಿಗಳಿವೆ. ಒಂದೊಂದು ಕಸುಬಿಗೆ ನಾಲ್ಕಾರು ಬಾಗಿಲು. ಬೆಂಗಳೂರಿನಲ್ಲಿ ಅದೇ ಕಸುಬಿಗೆ ನೂರಾರು ಬಾಗಿಲು. ಬೆಂಗಳೂರಿನ ಹೆಚ್ಚಿನ ಬಾಡಿಗೆ ವಾಸ್ತವವಾಗಿ ಈ ಬಾಗಿಲುಗಳಿಗೆ ತೆರುವ ಸುಂಕ.

ಇನ್ಫೋಸಿಸ್‌ನ ಮೈಸೂರು ಆವರಣವನ್ನು ನೋಡಿ ಅಲ್ಲಿಯೇ ನೆಲೆ ನಿಲ್ಲಬಹುದೆಂದು ಭಾವಿಸುವ ಹೊಸಬರೂ ಇದ್ದಾರೆ. ಆ ಬೃಹತ್ ಆವರಣದ ಮುಖ್ಯ ಕೆಲಸ ತರಬೇತಿ. ಅದು ಮುಗಿದ ಮೇಲೆ ಬಹುಪಾಲು ಮಂದಿ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹಂಚಿಹೋಗುತ್ತಾರೆ. ಅಂದಹಾಗೆ ಆ ಕಂಪೆನಿಯೂ 1981ರಲ್ಲಿ ಹುಟ್ಟಿದ್ದು ಪುಣೆಯಲ್ಲಿ. 1983ರಲ್ಲಿ ಬೆಂಗಳೂರಿಗೆ ಬಂದದ್ದು ಗಿರಾಕಿಯ ಕೆಲಸ ಇಲ್ಲಿದ್ದುದರಿಂದ. ಊರಿನ ಹವೆ ನೋಡಿ ಅಲ್ಲ.

ಹಾಗೆಂದು ಎಲ್ಲರಿಗೂ ನೂರು ಬಾಗಿಲು ಬೇಕಿಲ್ಲ. ಸರ್ಕಾರಿ ಅಥವಾ ಬ್ಯಾಂಕ್ ನೌಕರಿಯ ಭದ್ರತೆ ಇರುವವರಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ, ಊರಿನ ಜಮೀನು ಅಥವಾ ವಯಸ್ಸಾದ ತಂದೆ ತಾಯಿಯರನ್ನು ವಾರಕ್ಕೊಮ್ಮೆ ನೋಡಬೇಕಾದವರಿಗೆ ಮೈಸೂರಿನ ಅಗ್ಗವೇ ನಿಜವಾದ ಲಾಭ.

ನಡುವೆ ಓಡಾಡುವವರು

ಎರಡು ಊರುಗಳನ್ನೂ ಹಿಡಿದುಕೊಂಡವರ ಮೂರನೇ ವರ್ಗವೊಂದಿದೆ. ರೈಲ್ವೆಯ ಮಾಸಿಕ ಸೀಸನ್ ಟಿಕೆಟ್ ದೊರೆಯುವುದು ಗರಿಷ್ಠ 150 ಕಿ.ಮೀ. ದೂರಕ್ಕೆ. ಬೆಂಗಳೂರು–ಮೈಸೂರು ರೈಲು ಮಾರ್ಗ ಸುಮಾರು 139 ಕಿ.ಮೀ. ಈ ಹನ್ನೊಂದು ಕಿಲೋಮೀಟರಿನ ಅಂಚೇ ಎಷ್ಟೋ ಸಂಸಾರಗಳನ್ನು ಮೈಸೂರಿನಲ್ಲಿ ಉಳಿಸಿದೆ ಎಂದರೆ ಅತಿಶಯೋಕ್ತಿಯಲ್ಲ. ಬೆಳಿಗ್ಗೆ ಮೈಸೂರಿನಿಂದ ಹೊರಟು ಸಂಜೆ ಮರಳುವ ಚಾಮುಂಡಿ ಎಕ್ಸ್‌ಪ್ರೆಸ್ ಇಂಥ ನಿತ್ಯ ಪ್ರಯಾಣಿಕರ ಗಾಡಿಯೆಂದೇ ಹೆಸರಾಗಿದೆ. ಮಂಡ್ಯ, ಮದ್ದೂರು, ರಾಮನಗರದವರಿಗಂತೂ ಅದು ಮನೆಯ ಗಡಿಯಾರವಿದ್ದಂತೆ.

ಕೊರೊನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಲು ಮೈಸೂರಿಗೆ ಮರಳಿದ್ದವರು ಬಳಿಕ ವಾರಕ್ಕೆ ಎರಡು ಮೂರು ದಿನ ಕಚೇರಿಗೆ ಬರಬೇಕೆಂಬ ಆದೇಶಗಳಿಂದ ಇದೇ ದಾರಿ ಹಿಡಿದರು. ಒಂದು ಕಡೆಗೆ ಎರಡೂವರೆ ಗಂಟೆಯೆಂದರೂ ಮೂರು ದಿನಕ್ಕೆ 15 ಗಂಟೆ ರೈಲಿನಲ್ಲಿ. ಎರಡು ದಿನವಾದರೆ ಸಹ್ಯ, ಐದು ದಿನವಾದರೆ ದೇಹ ಸೋಲುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯಿಂದ ಕಾರಿನ ಪ್ರಯಾಣ ಚುರುಕಾಯಿತು, ಆದರೆ ಟೋಲ್ ಇದೆ. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ಮೊದಲ ಸಂಬಳದವನ ವಾಹನ ಬೈಕೇ ಆದ್ದರಿಂದ ಆ ರಸ್ತೆ ಅವನಿಗಲ್ಲ. ಮಹಿಳೆಯರ ಲೆಕ್ಕ ಮಾತ್ರ ಬೇರೆ. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಂತೆ ಸಾಮಾನ್ಯ ಮತ್ತು ವೇಗದೂತ ಬಸ್‌ಗಳಲ್ಲಿ ಅವರಿಗೆ ಟಿಕೆಟ್ ದರವಿಲ್ಲ. ರಾಜಹಂಸ, ಐರಾವತಕ್ಕೆ ಇದು ಅನ್ವಯಿಸದು.

ಪೇಟೆಯ ಸುತ್ತ

ಬೆಂಗಳೂರೆಂದು ತೀರ್ಮಾನಿಸಿದವರು ತಕ್ಷಣ ಹುಡುಕುವುದು ಕಚೇರಿಯ ಪಕ್ಕದ ಪಿ.ಜಿ.ಯನ್ನು. ಕೆಲಸ ಬದಲಾದ ದಿನ ಆ ಅನುಕೂಲ ಮುಗಿಯುತ್ತದೆ. ಇಲ್ಲಿ ಹಳೆಯ ಪೇಟೆಯ ಸುತ್ತಲಿನ ಬಡಾವಣೆಗಳು ಮತ್ತೆ ಲೆಕ್ಕಕ್ಕೆ ಬಂದಿವೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯಲ್ಲಿ ಚಿಕ್ಕಪೇಟೆ ಮತ್ತು ದೊಡ್ಡಪೇಟೆಯ ಬೀದಿಗಳು ಕೂಡುವ ಚೌಕವೇ ಊರಿನ ನಡುವಾಗಿತ್ತು. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಬಳಿಕ ಬಸವನಗುಡಿ ಮತ್ತು ಮಲ್ಲೇಶ್ವರ ಪೇಟೆಯ ಇಕ್ಕಟ್ಟಿನಿಂದ ಹೊರಬಂದವರ ಊರುಗಳಾಗಿ ಬೆಳೆದವು.

2017ರ ಜೂನ್‌ನಲ್ಲಿ ಚಿಕ್ಕಪೇಟೆಗೆ ಮೆಟ್ರೊ ಬಂತು. ಅಲ್ಲಿಂದ ಒಂದು ನಿಲ್ದಾಣಕ್ಕೆ ಮೆಜೆಸ್ಟಿಕ್, ಅಂದರೆ ಮೈಸೂರಿನ ರೈಲು ಇಳಿಯುವ ಜಾಗ. ಅಲ್ಲಿಂದಲೇ ವೈಟ್‌ಫೀಲ್ಡ್ ಕಡೆಯ ನೇರಳೆ ಮಾರ್ಗವನ್ನೂ ಹಿಡಿಯಬಹುದು. ಇನ್ನೊಂದು ದಿಕ್ಕಿಗೆ ಆರನೇ ನಿಲ್ದಾಣ ಆರ್.ವಿ. ರಸ್ತೆ, 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರ ಮುಟ್ಟುತ್ತದೆ. ನಗರದ ಎರಡು ತುದಿಯ ಕಚೇರಿಗಳಿಗೂ ಒಂದೇ ಕೋಣೆಯಿಂದ ಹೋಗಿಬರಬಹುದಾದ ಸ್ಥಳಗಳು ಬೆಂಗಳೂರಿನಲ್ಲಿ ಹೆಚ್ಚಿಲ್ಲ. ಮೆಟ್ರೊ ದರ 2025ರ ಫೆಬ್ರುವರಿಯಲ್ಲಿ ಗರಿಷ್ಠ 60ರಿಂದ 90 ರೂಪಾಯಿಗೆ ಏರಿದ್ದನ್ನು ಮಾತ್ರ ಇದರ ಎದುರು ಬರೆದುಕೊಳ್ಳಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿ ನಂಬಿದ್ದ ಹೊರವಲಯಗಳು ಟ್ಯಾಂಕರಿಗಾಗಿ ಕಾದಾಗ ಕಾವೇರಿ ನಲ್ಲಿಯಿದ್ದ ಹಳೆಯ ಬಡಾವಣೆಗಳು ಅಷ್ಟಾಗಿ ಬಾಧೆಪಡಲಿಲ್ಲ ಎಂಬುದೂ ಗಮನಾರ್ಹ.

ಆದರೆ ಇಲ್ಲಿ ಕೋಣೆ ಸಿಗುವುದೇ ಕಷ್ಟ. ಚಿಕ್ಕಪೇಟೆ, ಮಾಮೂಲ್‌ಪೇಟೆಯ ಮಹಡಿಗಳನ್ನು ಬಟ್ಟೆಯ ಗೋದಾಮುಗಳು ನುಂಗಿವೆ. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆ ಖಾಲಿಯಿದ್ದರೂ ಮದುವೆಯಾಗದವರಿಗೆ ಕೊಡುವುದಿಲ್ಲ, ಮಾಂಸಾಹಾರಿಗಳಿಗೆ ಕೊಡುವುದಿಲ್ಲ ಎಂಬ ಮಾತು ಬಾಗಿಲಲ್ಲೇ ಕೇಳಿಬರುತ್ತದೆ. ಜಾತಿಯನ್ನು ನೇರವಾಗಿಯೋ ಹೆಸರು, ಊರು, ಊಟದ ನೆಪದಲ್ಲಿಯೋ ವಿಚಾರಿಸುವುದು ನಿಂತಿಲ್ಲ. ಮೈಸೂರಿನ ಹಳೆಯ ಮೊಹಲ್ಲಾಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಬಾಡಿಗೆ ಕೊಡಲು ಶಕ್ತಿಯಿದ್ದೂ ದೂರದ ಪಿ.ಜಿ.ಗೆ ತಳ್ಳಲ್ಪಡುವವರ ಪಾಲಿಗೆ ಊರಿನ ಆಯ್ಕೆ ಮಾಡುವವರು ಮನೆ ಮಾಲೀಕರೇ. ಯಾವ ಲೆಕ್ಕದ ಹಾಳೆಯಲ್ಲಿಯೂ ಇದಕ್ಕೆ ಅಂಕಣವಿಲ್ಲ.

ಮುಂಗಡ ಕಟ್ಟುವ ಮುನ್ನ ಪರೀಕ್ಷಿಸಿ ನೋಡಲು ಮೈಸೂರು ಮಾರ್ಗದವರಿಗೆ ಒಂದು ಅವಕಾಶವಿದೆ. ಮೂರು ತಿಂಗಳ ಸೀಸನ್ ಟಿಕೆಟ್‌ಗೆ ರೈಲ್ವೆ ವಿಧಿಸುವುದು ಮಾಸಿಕ ದರದ 2.7 ಪಟ್ಟು ಮಾತ್ರ. ಅಷ್ಟು ದಿನ ಓಡಾಡಿದರೆ ಕಚೇರಿ ವಾರಕ್ಕೆ ಎಷ್ಟು ದಿನ ಕರೆಯುತ್ತದೆ, ಕೆಲಸ ಹಿಡಿಸುತ್ತದೆಯೇ, ಯಾವ ಬಡಾವಣೆ ಸೂಕ್ತ ಎಂಬುದು ತಿಳಿದುಹೋಗುತ್ತದೆ. ವಂದೇ ಭಾರತ್ ಮತ್ತು ಶತಾಬ್ದಿ ರೈಲುಗಳಲ್ಲಿ ಈ ಟಿಕೆಟ್ ನಡೆಯುವುದಿಲ್ಲ.